ಒರೆಸಿದ ಕಿಟಕಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ರೈಲ್ವೆ ಅಧಿಕಾರಿಗಳೇ, ಎಂದಿನಂತೆ ಹಿಂದಿನ ಸಾಲುಗಳನ್ನೇ ಆರಿಸಿಕೊಂಡು ಕುಳಿತಿರುವ ಸಭಿಕರೇ,

ಫೋಟೊ ತೆಗೆಯುವವರಿಗೆ ಮಾತು ಬರುವುದಿಲ್ಲ ಎನ್ನುತ್ತಾರೆ. ನನಗೆ ಬರುತ್ತದೆ. ಅದೇ ನನ್ನ ತೊಂದರೆ. ಕರಪತ್ರ ಓದಿ, ಕರಪತ್ರ ಬರೆದು ಬೆಳೆದವಳು ನಾನು. ನಮ್ಮಂಥ ಸಣ್ಣ ಊರುಗಳು ಸಾಯುತ್ತಿರುವುದನ್ನು ಜಗತ್ತಿಗೆ ತೋರಿಸಬೇಕೆಂದು ಕ್ಯಾಮೆರಾ ಹಿಡಿದೆ. ಬೀಗ ಬಿದ್ದ ಹಿಟ್ಟಿನ ಗಿರಣಿ, ಪರದೆ ಹರಿದ ಚಿತ್ರಮಂದಿರ, ಗಿರಾಕಿಯ ಕುರ್ಚಿಯಲ್ಲಿ ತಾವೇ ನಿದ್ದೆಹೋದ ಕ್ಷೌರದಂಗಡಿಯ ಅಜ್ಜ, ಎಲ್ಲವನ್ನೂ ತೆಗೆದೆ. ಇಂದು ನೀವು ಮೊದಲ ಬಹುಮಾನ ಕೊಟ್ಟಿರುವುದು ನನ್ನ ಹಿಂದಿನ ಗೋಡೆಯ ಮೇಲಿರುವ ‘ಪಾಳುಬಿದ್ದ ನಿಲ್ದಾಣ’ಕ್ಕೆ.

ಸಭಿಕರೇ, ಆ ನಿಲ್ದಾಣ ಪಾಳುಬಿದ್ದಿರಲಿಲ್ಲ.

ಅಲ್ಲಿ ಟಿಕೆಟ್ ಕೊಡುತ್ತಿದ್ದವರು ನನ್ನನ್ನು ಸಾಕಿದ ಸೋದರತ್ತೆ. ದಿನಕ್ಕೆ ಒಂದೇ ರೈಲು. ಅಂದು ಬೆಳಿಗ್ಗೆ ಕಾಯುತ್ತಿದ್ದವರು ಇಬ್ಬರು, ಕ್ಷೌರದಂಗಡಿಯ ಅಜ್ಜ ಮತ್ತು ಅವರ ಹೆಂಡತಿ. “ಸ್ವಲ್ಪ ನೀರಿನ ತೊಟ್ಟಿ ಹಿಂದೆ ನಿಲ್ತೀರಾ?” ಎಂದೆ. “ನಮ್ಮ ಮುಖ ಅಷ್ಟು ಕೆಟ್ಟಿದೆಯೇನಮ್ಮ?” ಎಂದು ಅಜ್ಜ ನಗುತ್ತಲೇ ಹೋದರು. ಅತ್ತೆಗೂ ಕಿಟಕಿಯಿಂದ ಸರಿಯಲು ಹೇಳಿದೆ. “ನಾನು ಸರಿದ್ರೆ ಟಿಕೆಟ್ ಯಾರೇ ಕೊಡ್ತಾರೆ, ನಿನ್ನ ಕ್ಯಾಮೆರಾನಾ?” ಎಂದರು. ಆದರೂ ಮೇಜಿನ ಕೆಳಗೆ ಬಗ್ಗಿ ಕೂತರು.

ಯಾರೂ ಇಲ್ಲದ ಚಿತ್ರ ಹೆಚ್ಚು ಚುಚ್ಚುತ್ತದೆ ಎಂದುಕೊಂಡಿದ್ದೆ. ಚುಚ್ಚಿತು. ಊರು ಉಳಿಸಿ ಎಂದು ಆ ಚಿತ್ರ ಹಾಕಿ ನಾನು ಹಂಚಿದ ಕರಪತ್ರವನ್ನೇ ‘ಇಲ್ಲಿ ಯಾರೂ ಹತ್ತುವುದಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ಲಗತ್ತಿಸಿ ರೈಲ್ವೆ ಇಲಾಖೆ ನಿಲುಗಡೆ ರದ್ದು ಮಾಡಿತು. ಯಾರನ್ನು ಬೈಯಲಿ? ಇಲಾಖೆಯನ್ನು ಬೈಯಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಊರನ್ನು ಮೊದಲು ಖಾಲಿ ಮಾಡಿಸಿದವಳು ನಾನು.

ಆದೇಶ ಬಂದ ದಿನ ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಚೆನ್ನಾಗಿ ಬಂದಿದೆ ಕಣೇ. ನಾನು ಕಿಟಕಿ ಒರೆಸಿದ್ದು ಕಾಣ್ತಿದೆ” ಎಂದರು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಖ್ಯ ಅತಿಥಿಗಳೇ, ದಯವಿಟ್ಟು ತಿರುಗಿ ನೋಡಿ. ಪಾಳುಬಿದ್ದ ಕಟ್ಟಡದ ಗಾಜು ಅಷ್ಟು ಹೊಳೆಯುತ್ತದೆಯೇ?

ನನ್ನ ಕೈಯಲ್ಲಿರುವುದು ಅದೇ ಬೆಳಿಗ್ಗೆಯ ಎರಡನೆಯ ಚಿತ್ರ. ಕೆಟ್ಟಿತೆಂದು ಪೆಟ್ಟಿಗೆಗೆ ಹಾಕಿದ್ದೆ. “ಆಯ್ತಾ?” ಎಂದು ಕೇಳುತ್ತ ಅತ್ತೆ ತಲೆ ಎತ್ತಿದ್ದಾರೆ. ತೊಟ್ಟಿಯ ಮರೆಯಿಂದ ಅಜ್ಜ ಇಣುಕಿದ್ದಾರೆ. ಅಧ್ಯಕ್ಷರೇ, ಬಹುಮಾನವನ್ನು ಹಿಂದಕ್ಕೆ ಪಡೆಯಿರಿ. ಅಧಿಕಾರಿಗಳೇ, ಈ ಚಿತ್ರವನ್ನು ನಿಮ್ಮ ಕಡತಕ್ಕೆ ಸೇರಿಸಿ, ನಮ್ಮ ರೈಲನ್ನು ಮತ್ತೆ ನಿಲ್ಲಿಸಿ.

ಕರೆದವರಿಗೆ, ಕೂತು ಕೇಳಿದವರಿಗೆ ಕೃತಜ್ಞತೆಗಳು. ಮುಂದಿನ ಸಾಲಿನ ಆ ಖಾಲಿ ಕುರ್ಚಿಯನ್ನು ಅತ್ತೆಗೆಂದು ನಾನೇ ಕೇಳಿ ಇಡಿಸಿದ್ದೆ. ನಿನ್ನೆ ಫೋನ್ ಮಾಡಿ ಬನ್ನಿ ಎಂದೆ.

“ಯಾವ ರೈಲಿಗೆ ಬರ್ಲಿ, ಹೇಳು” ಎಂದರು.

ನಮಸ್ಕಾರ.