ಲಾರಿ ಸುಮ್ಮನಾಗುವವರೆಗಿನ ವಂದನಾರ್ಪಣೆ

ವೇದಿಕೆಯನ್ನು ತುಂಬಿ ಕುಳಿತಿರುವ ನಮ್ಮ ಲಾರಿ ಮಾಲೀಕರ ಸಂಘದ ಅಧ್ಯಕ್ಷರಾದ ಶಿವಾನಂದ ಅವರೇ, ಶುದ್ಧ ಗಾಳಿಯ ಬಗ್ಗೆ ಮನಸ್ಸಿಗೆ ನಾಟುವಂತೆ ಮಾತಾಡಿ ಈಗ ಕೈಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿ ಡಾಕ್ಟರ್ ವಿಜಯೀಂದ್ರ ಅವರೇ, ಇಂದಿನ ಸನ್ಮಾನಿತರೂ ನನ್ನ ತಂದೆಯವರೂ ಆದ ದ್ಯಾಮಪ್ಪನವರೇ, ಅವರ ಪಕ್ಕದಲ್ಲಿ ಕುಳಿತು ‘ಲಗೂ ಮುಗಸು’ ಎಂದು ಕಣ್ಣಿನಲ್ಲೇ ಬೈಯುತ್ತಿರುವ ನಮ್ಮವ್ವ ಹೊನ್ನವ್ವನವರೇ, ಮತ್ತು ಚಪ್ಪಲಿ ಮೆಟ್ಟಿಕೊಂಡು ಅರ್ಧ ಎದ್ದು ನಿಂತಿರುವ ಶಿಗ್ಗಾಂವಿಯ ಸಭಿಕರೇ,

ದಯಮಾಡಿ ಕುಳಿತುಕೊಳ್ಳಿ.

ವಂದನಾರ್ಪಣೆ ಎಂಬುದು ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಕಡಿಮೆ ಮಾತಾಡಬೇಕಾದವನ ಕೆಲಸ. ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳಿದ್ದೂ ಅದನ್ನೇ. ‘ಮೈಲಾರಲಿಂಗ, ಹ್ವಾದ ವರ್ಷ ಸೊಳ್ಳಿಗೂ ವಂದನಾ ಹೇಳಿ ಮಂದೀನ ನಗಿಸಿದಿ. ಈ ಸಲ ಅಂಥಾ ಆಟ ಬ್ಯಾಡ. ಎರಡ ಮಾತು, ಇಳಿ.’ ಹೂಂ ಎಂದಿದ್ದೆ. ಈಗ ಆ ಮಾತನ್ನು ಮುರಿಯುತ್ತಿದ್ದೇನೆ. ಯಾಕೆ ಮುರಿಯುತ್ತಿದ್ದೇನೆ ಎಂಬುದು ನಿಮ್ಮ ಕಿವಿಗೇ ಕೇಳಿಸುತ್ತಿದೆ.

ಹೌದು, ಹೊರಗೆ ಭರ್ರೆಂದು ಒದರುತ್ತಿರುವುದು ನನ್ನ ಲಾರಿ. ಗೇಟಿಗೆ ಅಡ್ಡ ನಿಂತಿರುವುದೂ ಅದೇ. ಅತಿಥಿಗಳ ಕಾರು ಒಳಗೆ ಸಿಕ್ಕಿಕೊಂಡಿರುವುದೂ ಅದರಿಂದಲೇ. ಅದು ತಾನಾಗಿ ಸುಮ್ಮನಾಗುವವರೆಗೆ ಈ ಆವರಣದಿಂದ ಯಾವ ಗಾಡಿಯೂ ಹೊರಗೆ ಹೋಗುವಂತಿಲ್ಲ. ಆದ್ದರಿಂದ ಮಾನ್ಯರೇ, ಈ ವರ್ಷ ವಂದನೆಗಳನ್ನು ಸ್ವಲ್ಪ ವಿವರವಾಗಿಯೇ ಸಲ್ಲಿಸಬೇಕೆಂದು ನಿರ್ಧರಿಸಿದ್ದೇನೆ.

ಮೊದಲ ವಂದನೆ ಡಾಕ್ಟರ್ ವಿಜಯೀಂದ್ರ ಅವರಿಗೆ. ಸವಣೂರಿನಲ್ಲಿ ಹುಟ್ಟಿ, ದೊಡ್ಡ ಓದು ಓದಿ, ಗಾಳಿಯನ್ನು ಅಳೆಯುವ ವಿದ್ಯೆ ಕಲಿತವರು. ಹೊಸ ಲಾರಿಗಳ ಹೊಗೆ ಕೊಳವೆಗೆ ಬಿಳಿ ಕರವಸ್ತ್ರ ಹಿಡಿದರೂ ಅದು ಬಿಳಿಯಾಗಿಯೇ ಉಳಿಯುತ್ತದೆ ಎಂದು ಈಗಷ್ಟೇ ಹೇಳಿದರು. ಸಾರ್, ಅದು ನಿಜ. ನಾನೇ ಹಿಡಿದು ನೋಡಿದ್ದೇನೆ. ಆದರೆ ಆ ಮಸಿ ಎಲ್ಲಿಗೆ ಹೋಯಿತು? ಕೊಳವೆಯೊಳಗಿನ ಫಿಲ್ಟರಿನಲ್ಲಿ ಕುಳಿತಿದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಲಾರಿಯಲ್ಲಿ ಅದು ಓಡುತ್ತಲೇ ಸುಟ್ಟುಹೋಗುತ್ತದಂತೆ. ನನ್ನ ಲಾರಿ ಎಲ್ಲಿ ಓಡುತ್ತದೆ? ಅಕ್ಕಿಆಲೂರಿನ ಗಿರಣಿಯಿಂದ ಅಕ್ಕಿ ಹೇರಿಕೊಂಡು ಹಾನಗಲ್ಲಿಗೆ, ಅಲ್ಲಿಂದ ಹಿರೇಕೆರೂರಿಗೆ, ರಟ್ಟೀಹಳ್ಳಿಗೆ. ಒಂದು ಹಂಪು ದಾಟಿದರೆ ಇನ್ನೊಂದು ಹಂಪು, ಅದನ್ನೂ ದಾಟಿದರೆ ಕುರಿ ಹಿಂಡು. ಮಸಿ ಸುಡುವಷ್ಟು ಬಿಸಿಯಾಗುವುದು ಲಾರಿಯಲ್ಲ ಸಾರ್, ನನ್ನ ತಲೆ.

ಫಿಲ್ಟರ್ ತುಂಬಿದಾಗ ಮುಂದೆ ಹಳದಿ ದೀಪ ಹತ್ತುತ್ತದೆ. ಆಗ ಗಾಡಿ ನಿಲ್ಲಿಸಿ ಒಂದು ಗುಂಡಿ ಒತ್ತಬೇಕು. ಇಂಜಿನ್ ತಾನೇ ಜೋರಾಗಿ ಓಡುತ್ತ, ನಿಂತಲ್ಲೇ ಡೀಸೆಲ್ ಕುಡಿಯುತ್ತ, ಅರ್ಧ ಗಂಟೆಗೂ ಮೇಲೆ ಆ ಮಸಿಯನ್ನು ಸುಡುತ್ತದೆ. ಯಾರೂ ಎಲ್ಲಿಗೂ ಹೋಗುವುದಿಲ್ಲ, ಒಂದು ಚೀಲ ಅಕ್ಕಿಯೂ ಮುಂದೆ ಸಾಗುವುದಿಲ್ಲ, ಡೀಸೆಲ್ ಮಾತ್ರ ಹೋಗುತ್ತದೆ. ಗಾಳಿಯನ್ನು ಉಳಿಸಲು ಎಣ್ಣೆ ಸುಡುವ ಈ ವ್ರತಕ್ಕೆ ಏನೆಂದು ಹೆಸರಿಡೋಣ? ಮುಂದಿನ ಉಪನ್ಯಾಸದಲ್ಲಿ ಸಾರ್ ಅವರೇ ಹೇಳಲಿ.

ಎರಡನೆಯ ವಂದನೆ ವೇದಿಕೆಯ ಅಂಚಿನಲ್ಲಿರುವ ಹೂವಿನ ಕುಂಡಗಳಿಗೆ. ಹತ್ತಿರ ಬಂದು ನೋಡಿ, ಅವು ಕುಂಡಗಳಲ್ಲ, ಹೊಗೆಯ ವಿಷ ಇಳಿಸಲು ಲಾರಿಗೆ ಕುಡಿಸುವ ಯೂರಿಯಾ ನೀರಿನ ಖಾಲಿ ಬಕೆಟ್ಟುಗಳು. ಆ ನೀರು ಮುಗಿದರೂ ಲಾರಿ ಮುನಿಸಿಕೊಂಡು ಎತ್ತಿನ ಗಾಡಿಯಂತೆ ನಡೆಯುತ್ತದೆ. ಆದ್ದರಿಂದ ಕೊಳ್ಳುತ್ತಲೇ ಇರಬೇಕು, ಬಕೆಟ್ಟುಗಳು ಬರುತ್ತಲೇ ಇರಬೇಕು. ನಮ್ಮ ಮನೆಯಲ್ಲಿ ಬಚ್ಚಲಿಗೂ ಅದೇ, ಕೋಳಿ ಮುಚ್ಚುವುದಕ್ಕೂ ಅದೇ. ಒಮ್ಮೆ ನಮ್ಮವ್ವ ಬಕೆಟ್ಟಿನ ಮೇಲಿದ್ದ ಬರಹವನ್ನು ನನ್ನಿಂದ ಓದಿಸಿ, ಸೊಂಟಕ್ಕೆ ಕೈ ಕೊಟ್ಟು ಕೇಳಿದಳು: ‘ಹೊಲಕ್ಕ ಯೂರಿಯಾ ಸಿಗವಲ್ದು ಅಂತ ಮಂದಿ ಪಾಳಿ ಹಚ್ಯಾರ. ನೀ ನೋಡಿದ್ರ ಗಾಡಿಗೆ ಕುಡಸಾಕತ್ತಿಯಲ್ಲೋ!’ ಆ ಪ್ರಶ್ನೆಯನ್ನು ಹಾಗೇ ಇಲ್ಲಿಗೆ ತಂದಿದ್ದೇನೆ. ಉತ್ತರ ಸಾರ್ ಬಳಿ ಇರಬಹುದು. ನೀವು ಹಿಡಿಯಬೇಕಾದ ರೈಲಿಗೆ ಇನ್ನೂ ಹೊತ್ತಿದೆ ಸಾರ್, ಕುಳಿತುಕೊಳ್ಳಿ.

ಈಗ ನೀವು ಕೇಳಬಹುದು, ಅಷ್ಟು ಅವಸರವಿದ್ದರೆ ಲಾರಿಯನ್ನು ಬಂದ್ ಮಾಡಿ, ಪಕ್ಕಕ್ಕೆ ಹಚ್ಚಿ, ಆಮೇಲೆ ಸುಡಬಾರದೇ? ಬಾರದು. ನಡುವೆ ಬಂದ್ ಮಾಡಿದರೆ ಸುಟ್ಟದ್ದೆಲ್ಲ ವ್ಯರ್ಥ. ಈಗಾಗಲೇ ಎರಡು ಸಲ ವ್ಯರ್ಥವಾಗಿದೆ. ಇನ್ನೊಮ್ಮೆ ಹಾಗಾದರೆ ಗುಂಡಿಯೂ ಕೇಳುವುದಿಲ್ಲ, ಹುಬ್ಬಳ್ಳಿಯ ಕಂಪನಿ ವರ್ಕ್‌ಶಾಪಿಗೆ ಎಳೆದುಕೊಂಡೇ ಹೋಗಬೇಕು.

ಆ ಎರಡು ಸಲವೂ ಕೆಡಿಸಿದವರು ವೈರಿಗಳಲ್ಲ, ಒಳ್ಳೆಯವರು. ನಮ್ಮ ಸೀಮೆಯ ಮಂದಿಗೆ ಏನಾದರೂ ಸುಮ್ಮನೆ ಉರಿಯುವುದನ್ನು ನೋಡಲಾಗುವುದಿಲ್ಲ. ಹಗಲು ಹೊತ್ತಿನಲ್ಲಿ ಪಕ್ಕದ ಮನೆಯ ದೀಪ ಉರಿಯುತ್ತಿದ್ದರೆ ಒಳಗೆ ಹೋಗಿ ಆರಿಸಿ ಬರುವ ಜನ ನಾವು. ಅಕ್ಕಿಆಲೂರಿನ ಸಂತೆಯಲ್ಲಿ ಲಾರಿಯನ್ನು ಸುಡಲು ಬಿಟ್ಟು ಗಿರಮಿಟ್ಟು ತಿನ್ನಲು ಹೋಗಿದ್ದೆ. ಬಾಳೆಹಣ್ಣು ಮಾರುವ ಭರಮವ್ವ ತನ್ನ ಅಂಗಡಿ ಬಿಟ್ಟು, ಸೀರೆ ಎತ್ತಿಕಟ್ಟಿ, ಅಷ್ಟು ಎತ್ತರದ ಕ್ಯಾಬಿನ್ ಹತ್ತಿ, ಕೀಲಿ ತಿರುವಿ ಇಳಿದು ಬಂದಳು. ನಾನು ಓಡಿಬಂದರೆ, ‘ಹೋಗಲಿ ಬಿಡೋ ತಮ್ಮಾ, ಬಾಳ ಹೊತ್ತಿನಿಂದ ಸುಡಾಕತ್ತಿತ್ತು, ಆರಿಸೇನಿ’ ಎಂದು ನನ್ನ ಕೈಗೆ ಒಂದು ಹಣ್ಣನ್ನೂ ಇಟ್ಟಳು. ಆ ಹಣ್ಣನ್ನು ನಾನು ಹೇಗೆ ನುಂಗಿದೆನೋ ದೇವರೇ ಬಲ್ಲ. ಎರಡನೆಯ ಸಲ ಮನೆಯ ಮುಂದೆಯೇ ಆರಿಸಿದವರು ಇಲ್ಲೇ ಮೊದಲ ಸಾಲಿನಲ್ಲಿದ್ದಾರೆ. ಹೆಸರು ಹೇಳುವುದಿಲ್ಲ. ಅವರು ನನ್ನನ್ನು ಹೆತ್ತವರು.

ಅದಕ್ಕೇ ಇವತ್ತು ನನ್ನ ಕೀಲಿಯನ್ನು ಒಳಗೇ ಬಿಟ್ಟು ಕ್ಯಾಬಿನ್ನಿನ ಬಾಗಿಲು ಲಾಕ್ ಮಾಡಿ ಬಂದಿದ್ದೇನೆ. ಗೇಟಿನಲ್ಲೇ ಯಾಕೆ ನಿಲ್ಲಿಸಿದೆ? ಸುಡುವಾಗ ಕೊಳವೆಯ ಬಾಯಿ ಕೆಂಡದಂತಾಗುತ್ತದೆ. ಹೋದ ತಿಂಗಳು ಮಾಸೂರಿನಲ್ಲಿ ಗೋವಿನಜೋಳದ ಕಣಿಕಿ ಬಣವಿಯ ಹತ್ತಿರ ನಿಲ್ಲಿಸಿದ್ದಕ್ಕೆ ಮುದುಕರೊಬ್ಬರು ಬಡಿಗೆ ಹಿಡಿದು ಬಂದಿದ್ದರು. ‘ಏ, ನಮ್ಮ ದನಕ್ಕೇನು ಬೂದಿ ಹಾಕ್ಲೇನಲೇ?’ ಎಂದು ಅವರು ಕೇಳಿದ್ದು ನ್ಯಾಯವೇ. ಈ ಸಭಾಂಗಣದ ಸುತ್ತಲೂ ಒಣ ಹುಲ್ಲು. ಸಿಮೆಂಟಿನ ನೆಲ ಇರುವುದು ಗೇಟಿನಲ್ಲಿ ಮಾತ್ರ.

ಲಾರಿಯಲ್ಲಿರುವುದು ಸವಣೂರಿನ ವೀಳ್ಯದೆಲೆ. ನುಜಹತ ಆಪಾ ಅವರ ತೋಟದ್ದು. ಅವರ ಹಿಂದಿನ ಎರಡು ಲೋಡು ಈ ಲಾರಿ ಕೈಕೊಟ್ಟು ದಾರಿಯಲ್ಲೇ ಹಳದಿಗೆ ತಿರುಗಿದವು. ಇವತ್ತು ಹೇರುವಾಗ ಎಲೆಗಳ ಮೇಲೆ ಹಸಿ ಗೋಣಿ ಹೊದಿಸುತ್ತ ಅವರು ಹೇಳಿದರು: ‘ಮೈಲಾರಿ, ನಿನ್ನ ಅಪ್ಪನ ಮಾರಿ ನೋಡಿ ಇದೊಂದು ಸಲ ಕೊಡಾಕತ್ತೇನಿ. ಸಂಜೀ ಬೆಳಗಾಂವಿ ಹರಾಜಿಗೆ ಮುಟ್ಟಲಿಲ್ಲಂದ್ರ ನಾಳಿಂದ ಬ್ಯಾರೆ ಗಾಡಿ. ಸಿಟ್ಟ ಮಾಡ್ಕೋಬ್ಯಾಡ.’ ಸಿಟ್ಟು ಯಾಕೆ? ಅವರ ಎಲೆ, ಅವರ ಹೊಟ್ಟೆ. ಆದರೆ ಆ ಬಾಡಿಗೆ ತಪ್ಪಿದರೆ ಈ ಲಾರಿಯನ್ನು ನಾನು ಇಟ್ಟುಕೊಳ್ಳಲಾರೆ. ಇದು ಅಳುವ ಮಾತಲ್ಲ, ವಂದನಾರ್ಪಣೆ ಯಾಕೆ ಉದ್ದವಾಯಿತು ಎಂಬುದಕ್ಕೆ ಕಾರಣ ಅಷ್ಟೇ.

ಮೂರನೆಯ ವಂದನೆ ಸನ್ಮಾನಿತರಿಗೆ.

ಮೂವತ್ತು ವರ್ಷ ಅಪಘಾತವಿಲ್ಲದೆ ಲಾರಿ ಓಡಿಸಿದರೆಂದು ದ್ಯಾಮಪ್ಪನವರಿಗೆ ಶಾಲು ಹೊದಿಸಿದಿರಿ. ಅವರ ಇನ್ನೊಂದು ಗುಣವನ್ನು ಯಾರೂ ಹೇಳಲಿಲ್ಲ. ರೈಲ್ವೆ ಗೇಟು ಬಿದ್ದ ಕೂಡಲೇ ಇಂಜಿನ್ ಬಂದ್ ಮಾಡುವವರಲ್ಲಿ ಅವರೇ ಮೊದಲಿಗರು. ಇಳಿಜಾರಿನಲ್ಲಿ ಡೀಸೆಲ್ಲನ್ನು ತುಪ್ಪದಂತೆ ಉಳಿಸುತ್ತಿದ್ದರು. ನಮ್ಮ ಓಣಿಯ ತಿರುವಿಗೆ ಬಂದಾಗ ಮಾತ್ರ ಒಂದು ದುಂದು: ಎರಡು ಗಿಡ್ಡ, ಒಂದು ಉದ್ದ ಹಾರ್ನ್. ಅದು ಕೇಳಿದರೆ ಅವ್ವ ಎದ್ದು ರೊಟ್ಟಿಗೆ ಹಂಚು ಇಡುತ್ತಿದ್ದಳು.

ಈ ಹೊಸ ಲಾರಿಯ ಎರಡನೆಯ ಕೀಲಿ ಅಪ್ಪನ ಅಂಗಿಯ ಜೇಬಿನಲ್ಲಿದೆ. ಆದರೆ ಅವತ್ತು ಮೆಟ್ಟಿಲ ಮೇಲೆ ನಿಂತು ಕೈ ಚಾಚಿ ಆರಿಸಿದ್ದು ಬಿಟ್ಟರೆ, ಅವರು ಇದುವರೆಗೆ ಅದರೊಳಗೆ ಕುಳಿತಿಲ್ಲ. ‘ನಿಂತಲ್ಲೇ ಎಣ್ಣಿ ತಿನ್ನೂ ಗಾಡಿ. ನನಗ ನೋಡಾಕ ಆಗೂದಿಲ್ಲ’ ಎನ್ನುತ್ತಾರೆ. ಮೊದಮೊದಲು ನಾನೂ ಅವರ ಪಕ್ಷದಲ್ಲೇ ಇದ್ದೆ. ಹಳೆಯ ಲಾರಿಯೇ ಚೆನ್ನಾಗಿತ್ತು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆಮೇಲೆ ಅಪ್ಪನಿಗೆ ಕೆಮ್ಮು ಹತ್ತಿತು. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಹೇಳುತ್ತಿದ್ದೇನೆ. ಹುಬ್ಬಳ್ಳಿಯ ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಕೇಳಿದರು, ‘ಎಷ್ಟ ವರ್ಷದಿಂದ ಬೀಡಿ ಸೇದ್ತೀರಿ?’

‘ಸೇದೂದಿಲ್ರಿ.’

‘ನನ್ನ ಮುಂದ ಮುಚ್ಚಿಡಬ್ಯಾಡ್ರಿ.’

ಅವ್ವ ನಡುವೆ ಬಂದಳು. ‘ಖರೇನ ಐತ್ರೀ ಸಾಹೇಬ್ರ. ಇವ್ರು ಅಡಕಿ ಚೂರು ಸೈತ ಬಾಯಾಗ ಹಾಕ್ಕೊಂಡವರಲ್ಲ.’

ವೈದ್ಯರು ಮತ್ತೊಮ್ಮೆ ಚಿತ್ರ ನೋಡಿ, ‘ಏನ್ ಕೆಲಸಾ ಮಾಡ್ತೀರಿ?’ ಎಂದರು. ‘ಲಾರಿ ಹೊಡೀತೇನ್ರಿ’ ಎಂದರು ಅಪ್ಪ. ವೈದ್ಯರು ಬೀಡಿಯ ಮಾತು ಬಿಟ್ಟು ಔಷಧದ ಚೀಟಿ ಬರೆಯತೊಡಗಿದರು.

ಹಳೆಯ ಲಾರಿಯ ಕ್ಯಾಬಿನ್ನಿನ ತಳದಲ್ಲಿ ಒಂದು ತೂತಿತ್ತು, ಸಭಿಕರೇ. ಚಳಿಗಾಲದಲ್ಲಿ ಅಲ್ಲಿಂದ ಬೆಚ್ಚನೆಯ ಹೊಗೆ ಬರುತ್ತಿತ್ತು. ಚಿಕ್ಕವನಿದ್ದಾಗ ನಾನು ಅದರ ಮೇಲೆ ಕಾಲಿಟ್ಟುಕೊಂಡು ಅಪ್ಪನ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದೆ.

ಹಾಗಾದರೆ ನನಗೆ ಆ ಹೊಗೆ ಮತ್ತೆ ಬೇಕೇ? ಬೇಡ. ಫಿಲ್ಟರ್ ಇರಲೇಬೇಕು ಎನ್ನುವ ಈ ಕಾನೂನು ಬೇಡವೇ? ಬೇಕು. ಕಾನೂನು ಮಾಡಿದವರಿಗೆ ನಮ್ಮ ಅಪ್ಪನ ಎದೆ ಕಂಡಿತು, ತಡವಾಗಿಯಾದರೂ ಕಂಡಿತು, ಅದಕ್ಕೆ ವಂದನೆ. ಆದರೆ ಅವರಿಗೆ ಅಕ್ಕಿಆಲೂರಿನ ರಸ್ತೆ ಕಾಣಲಿಲ್ಲ, ಭರಮವ್ವ ಕಾಣಲಿಲ್ಲ, ನುಜಹತ ಆಪಾ ಅವರ ಹಸಿ ಗೋಣಿ ಕಾಣಲಿಲ್ಲ. ಅವರೂ ಒಮ್ಮೆ ಈ ಲಾರಿಯಲ್ಲಿ ಕುಳಿತು ರಟ್ಟೀಹಳ್ಳಿಯವರೆಗೆ ಬರಲಿ. ನಾನು ಬಾಡಿಗೆ ಕೇಳುವುದಿಲ್ಲ.

ಇನ್ನು ಮೈಕಿನವರಿಗೆ, ಪೆಂಡಾಲಿನವರಿಗೆ, ಉಪ್ಪಿಟ್ಟಿಗೆ ಉಪ್ಪು ಹಾಕಲು ಮರೆತವರಿಗೆ…

ಕ್ಷಮಿಸಿ. ಅತಿಥಿಗಳ ಕಾರಿನ ಡ್ರೈವರು ಬಂದು ಅಪ್ಪನ ಕಿವಿಯಲ್ಲಿ ಏನು ಹೇಳಿದರು? ಅಪ್ಪ ಎಲ್ಲಿ? ಕುರ್ಚಿ ಖಾಲಿ ಇದೆಯಲ್ಲ. ಅವ್ವಾ, ಎಲ್ಲಿ ಹೋದ್ರು?

ಸಭಿಕರೇ, ಕಿಟಕಿಯಿಂದ ನನಗೆ ಗೇಟು ಕಾಣುತ್ತಿದೆ. ನಮ್ಮ ತಂದೆಯವರು ಶಾಲು ಹೊದ್ದುಕೊಂಡೇ ಲಾರಿಯ ಕಡೆ ನಡೆದಿದ್ದಾರೆ. ಕೈಯಲ್ಲಿ ಕೀಲಿ ಇದೆ. ಬಾಗಿಲು ತೆಗೆದರು.

ಅಪ್ಪಾ! ಹೊರಗಿನ ಮೈಕಿನಾಗ ನನ್ನ ದನಿ ಕೇಳತೈತಿ ಹೌದಲ್ಲೋ? ಬಂದ್ ಮಾಡಬ್ಯಾಡ. ಸುಮ್ನ ಸುಡಾಕತ್ತಿಲ್ಲ ಅದು. ನಿನ್ನ ಎದ್ಯಾಗ ಕುಂತದ್ದು ಇನ್ನೊಬ್ಬರ ಎದ್ಯಾಗ ಕುಂದರಬಾರದು ಅಂತ ಸುಡಾಕತ್ತೈತಿ. ಇನ್ನ ಚೂರ ಹೊತ್ತು. ನೋಡಾಕ ಆಗದಿದ್ರ ಕಣ್ಣ ಮುಚ್ಕೋ. ಕೀಲಿ ಮಾತ್ರ ತಿರುವಬ್ಯಾಡ.

ಅಪ್ಪ ಹತ್ತಿ ಕುಳಿತರು. ಚಾಲಕನ ಸೀಟಿನಲ್ಲೇ ಕುಳಿತರು. ಬಾಗಿಲು ಹಾಕಿಕೊಂಡರು. ಕಾರಿನ ಡ್ರೈವರು ಕೆಳಗೆ ನಿಂತು ಕೈ ಮುಗಿಯುತ್ತಿದ್ದಾರೆ. ಅಪ್ಪ ತಲೆ ಅಲ್ಲಾಡಿಸುತ್ತಿದ್ದಾರೆ.

ಇಂಜಿನ್ ಇನ್ನೂ ಓಡುತ್ತಿದೆ. ನೀವೂ ಕೇಳುತ್ತಿದ್ದೀರಿ.

ನಾನು ಇನ್ನು ಯಾರಿಗೆ ವಂದಿಸಲಿ? ನೆನಪಾಗುತ್ತಿಲ್ಲ. ಎಲ್ಲರೂ ಆ ಸದ್ದಿಗೇ ಕಿವಿ ಕೊಡೋಣ.

ಈಗ ಸದ್ದು ಇಳಿಯಿತು. ಕೀಲಿ ತಿರುವಿದರೋ, ತಾನೇ ಮುಗಿಯಿತೋ…

ಕೇಳಿದಿರಾ? ಎರಡು ಗಿಡ್ಡ, ಒಂದು ಉದ್ದ.

ಅಪ್ಪ ಕೀಲಿ ತಿರುವಿಲ್ಲ, ಮಸಿ ಸುಟ್ಟು ಮುಗಿದು ಹಳದಿ ದೀಪ ತಾನಾಗಿ ಆರಿದೆ ಎಂದು ಅರ್ಥ. ನೋಡಿ, ನಮ್ಮವ್ವ ಆಗಲೇ ಎದ್ದು ನಿಂತಿದ್ದಾಳೆ. ಅವ್ವಾ, ಕುಂದರು, ಹಂಚು ಈಗಲೇ ಬ್ಯಾಡ. ಅಪ್ಪ ಸೀಟು ಬಿಟ್ಟು ಇಳಿಯುವಂತೆ ಕಾಣುತ್ತಿಲ್ಲ. ನಾವಿಬ್ಬರೂ ಬೆಳಗಾವಿಗೆ ಹೋಗಿ ಬರುತ್ತೇವೆ.

ವಿಜಯೀಂದ್ರ ಸಾರ್, ಗೇಟು ಬಿಡುತ್ತಿದ್ದೇವೆ, ನಿಮ್ಮ ತಾಳ್ಮೆಗೆ ಋಣಿ. ಅಧ್ಯಕ್ಷರೇ, ಎರಡು ಮಾತು ಮುಗಿದವು. ಎದ್ದುಹೋಗಲಾರದೆ ಕುಳಿತ ಎಲ್ಲರಿಗೂ ಎಲೆ ಬಾಡುವ ಮುನ್ನ ನನ್ನ ನಮಸ್ಕಾರ.