ನಿಂತ ಕಾರಿನ ಮಸಿ

ನಂಬುವುದಿಲ್ಲ ಅನ್ನುವವರು ಈಗಲೇ ಹೇಳಿಬಿಡಿ. ಅಂಥವರನ್ನು ನಾಳೆ ರಾತ್ರಿ ಕಾಪುವಿಗೆ ಕರಕೊಂಡು ಹೋಗಿ ಆ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರನ್ನೇ ಕೂರಿಸುತ್ತೇನೆ. ಊರಿನ ಹುಡುಗರಲ್ಲಿ ಹಾಗೆ ಕೂತವನು ನಾನೊಬ್ಬನೇ, ಬೇಕಾದರೆ ವಿಚಾರಿಸಿ ನೋಡಿ. ಆದರೆ ನಡೆದದ್ದು ನನಗಲ್ಲ. ನನ್ನ ದೊಡ್ಡಮ್ಮನ ಮಗ ಉಜ್ವಲನಿಗೆ.

ಉಜ್ವಲನಿಗೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸ. ಸಂಜೆಯ ಪಾಳಿ ಮುಗಿಸಿ ಕೊನೆಯ ಬಸ್ಸಿನಲ್ಲಿ ಕಾಪುವಿಗೆ ಬಂದಿಳಿಯುವಾಗ ಹನ್ನೊಂದು ಗಂಟೆ. ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್, ನಡಿಗೆ. ಅಂಗಳದಲ್ಲಿ ಡೀಸೆಲ್ ಕಾರು ಇಟ್ಟುಕೊಂಡು ನಡೆಯುವವನು ಊರಿನಲ್ಲಿ ಅವನೊಬ್ಬನೇ. ತಾಯಿ ಹೋದ ಮೇಲೆ ಅವನು ಅದಕ್ಕೆ ಹೊದಿಕೆ ಹೊದೆಸಿ ಇಟ್ಟವನು, ಆಮೇಲೆ ಓಡಿಸಲಿಲ್ಲ. ಕೀ ಮಾತ್ರ ಯಾವಾಗಲೂ ಅವನ ಜೇಬಿನಲ್ಲಿ.

ಒಂದು ರಾತ್ರಿ ಹೀಗೇ ನಡೆದು ಬರುತ್ತಿದ್ದ. ಅಂಗಳದ ಹೊರಗೆ ಹಳೆಯ ಬಾವಿ. ಗಾಳಿಗೆ ರಾಟೆ ಕಿರ್ರ್... ಕಿರ್ರ್ ಅನ್ನುತ್ತಿತ್ತು. ಬಾವಿಯ ದಂಡೆ ದಾಟಿದ್ದೇ ತಡ, ಜೇಬಿನಲ್ಲಿ ಫೋನ್ ಟಿಣ್ ಅಂದಿತು.

ತೆಗೆದು ನೋಡಿದ. ಕಾರಿನ ಮಸಿ, ಎರಡು.

ಈಗಿನ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಉಂಟು. ಮಸಿಯೆಲ್ಲ ಹೊರಗೆ ಹೋಗದೆ ಅದರಲ್ಲಿ ಕೂರುತ್ತದೆ. ಹೈವೇಯಲ್ಲಿ ಅರವತ್ತರ ಮೇಲೆ ಇಪ್ಪತ್ತು ನಿಮಿಷ ನಿಲ್ಲದೆ ಓಡಿಸಿದರೆ ಕಾರು ಆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ರೀಜನರೇಶನ್ ಅನ್ನುತ್ತಾರೆ. ಮಧ್ಯದಲ್ಲಿ ಇಂಜಿನ್ ಬಂದ್ ಮಾಡಿದರೆ ಸುಡುವುದೂ ಬಂದ್. ಮಸಿ ನೂರು ಮುಟ್ಟಿತೋ, ಇಂಜಿನ್ ತನ್ನ ಶಕ್ತಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಎಷ್ಟು ಒತ್ತಿದರೂ ನಲವತ್ತು ದಾಟುವುದಿಲ್ಲ. ಕಾರ್ಕಳದ ಮೆಕ್ಯಾನಿಕ್ ಶೇಖರ ಸ್ಟಿಯರಿಂಗಿನ ಕೆಳಗೆ ಹೆಬ್ಬೆರಳಿನಷ್ಟು ಒಂದು ಡಬ್ಬಿ ಸಿಕ್ಕಿಸಿ, ಮಸಿ ನೂರಕ್ಕೆ ಎಷ್ಟಾಯಿತು ಅಂತ ಫೋನಿನಲ್ಲೇ ಕಾಣುವ ಹಾಗೆ ಮಾಡಿಕೊಟ್ಟಿದ್ದ. ಆದರೆ ಕೀ ತಿರುಗಿಸದೆ ಆ ಡಬ್ಬಿ ಬಾಯಿ ಬಿಡುವುದಿಲ್ಲ. ತಾಯಿ ಹೋದ ವಾರವೇ ಶೇಖರ ಆ ಮಸಿಯನ್ನೆಲ್ಲ ಮೆಶಿನ್ ಹಾಕಿ ಸುಟ್ಟು ಸೊನ್ನೆ ಮಾಡಿದ್ದ.

ಮರುದಿನ ರಾತ್ರಿ ಬಾವಿಯ ಹತ್ತಿರ... ಟಿಣ್. ನಾಲ್ಕು.

ಅದರ ಮರುದಿನ ಆರು.

ಉಜ್ವಲ ಹೊದಿಕೆ ಎತ್ತಿ ನೋಡಿದ. ಚಕ್ರಕ್ಕೂ ನೆಲಕ್ಕೂ ನಡುವೆ ಜೇಡನ ಬಲೆ ಹಾಗೆಯೇ ಉಂಟು. ಓಡಿದ ಕಿಲೋಮೀಟರ್ ಒಂದೂ ಹೆಚ್ಚಾಗಿಲ್ಲ. ಶೇಖರನಿಗೆ ಫೋನ್ ಮಾಡಿದ. ಡಬ್ಬಿ ಹಾಳಾಗಿರಬೇಕು ಅಂದ ಅವನು, ಬೇರೆ ಕಳಿಸಿದ. ಹೊಸ ಡಬ್ಬಿಯೂ ಅದನ್ನೇ ಹೇಳಿತು. ನಿನಗೆ ತಲೆ ಸರಿ ಇಲ್ಲ ಮಾರಾಯ, ನಿಂತ ಕಾರಿಗೆ ಮಸಿ ಎಲ್ಲಿಂದ ಬರಬೇಕು ಅಂತ ಶೇಖರ ಬೈದ.

ಎಲ್ಲಿಂದ ಅಂತ ಉಜ್ವಲನಿಗೆ ಗೊತ್ತಿತ್ತು. ದಿನಕ್ಕೆ ಎರಡು... ಕಾಪು ಪೇಟೆಗೆ ಒಂದು ಸಲ ಹೋಗಿ ಬಂದರೆ ಏರುತ್ತಿದ್ದದ್ದು ಸರಿಯಾಗಿ ಎರಡು.

ನನ್ನ ದೊಡ್ಡಮ್ಮನ ಹೆಸರು ಬೇಬಿ. ಕಾಪು ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಮೀನು ಮಾರಿದವರು. ಮೀನಿನ ಬುಟ್ಟಿ ಹೊತ್ತು ಹೊತ್ತು ನೆತ್ತಿಯಲ್ಲಿ ಕೂದಲು ಹೋಗಿತ್ತು. ಉಜ್ವಲ ಆ ಕಾರು ತೆಗೆದದ್ದೇ ತಾಯಿಯ ತಲೆಯಿಂದ ಬುಟ್ಟಿ ಇಳಿಸುವುದಕ್ಕೆ. ಸೆಕೆಂಡ್ ಹ್ಯಾಂಡ್, ಆದರೂ ದೊಡ್ಡ ಕಾರು. ದಿನಾ ಬೆಳಗ್ಗೆ ಬುಟ್ಟಿ ಹಿಂದೆ, ದೊಡ್ಡಮ್ಮ ಅದರ ಪಕ್ಕದಲ್ಲಿ. ಎರಡು ಕಿಲೋಮೀಟರ್ ಹೋಗುವುದು, ಎರಡು ಬರುವುದು. ಇಂಜಿನ್ ಬಿಸಿಯಾಗುವ ಮೊದಲೇ ಪೇಟೆ ಬರುತ್ತಿತ್ತು.

ಒಂದು ದಿನ ಮೀಟರಿನ ಪಕ್ಕ, ಮಸಿ ತುಂಬುತ್ತಾ ಬಂತು ಅನ್ನುವ ಹಳದಿ ದೀಪ ಬಂತು. ಎಂತ ಅದು ಅಂತ ದೊಡ್ಡಮ್ಮ ಕೇಳಿದರು. ಎಂತದ್ದೂ ಇಲ್ಲ ಅಂತ ಇವನು ಫೋನ್ ಒತ್ತಿ ದೀಪ ಆರಿಸಿದ. ದೀಪ ಮಾತ್ರ ಆರಿತು. ಮಸಿ ಅಲ್ಲೇ. ಹೈವೇಯಲ್ಲಿ ಓಡಿಸು ಅಂತ ಶೇಖರ ಹೇಳಿದ್ದಕ್ಕೆ ಎರಡು ಭಾನುವಾರ ತಾಯಿಯನ್ನು ಕೂರಿಸಿಕೊಂಡು ಉಡುಪಿಯ ಕಡೆಗೆ ಹೊರಟದ್ದೂ ಉಂಟು. ಆದರೆ ಪಾಂಗಾಳಕ್ಕಿಂತ ಮೊದಲು ರಸ್ತೆ ಬದಿಯಲ್ಲಿ ಒಂದು ದೈವದ ಕಟ್ಟೆ. ಅಲ್ಲಿ ಗಾಡಿ ನಿಲ್ಲಿಸಬೇಕು, ಇಂಜಿನ್ ಬಂದ್ ಮಾಡಬೇಕು, ಕೈ ಮುಗಿದು ಮತ್ತೆ ಹೊರಡಬೇಕು. ಗುರುಗುಟ್ಟಿಕೊಂಡು ದೈವದ ಎದುರು ಹಾದುಹೋಗಬಾರದು ಅಂತ ದೊಡ್ಡಮ್ಮನ ನೇಮ. ಎರಡೂ ಸಲ ಸುಡಲು ಶುರುವಾದದ್ದು ಅಲ್ಲೇ ನಿಂತಿತು. ನಿಲ್ಲಿಸಿದರೆ ಕಾರಿಗೆ ಕೇಡು ಅಂತ ಒಂದು ಮಾತು ತಾಯಿಗೆ ಹೇಳಬಹುದಿತ್ತು, ಅಲ್ವಾ? ಹೇಳಲಿಲ್ಲ. ನನ್ನ ಕಾರಿಗೆ ಎಂತ ಆಗುತ್ತದೆ ಅನ್ನುವ ಜಂಬ.

ಜನವರಿಯಲ್ಲಿ ಒಂದು ರಾತ್ರಿ ದೊಡ್ಡಮ್ಮನಿಗೆ ಎದೆನೋವು. ಆಂಬುಲೆನ್ಸಿಗೆ ಫೋನ್ ಮಾಡುವ ಅಂದಳು ಉಜ್ವಲನ ತಂಗಿ ಅಕ್ಷಿತಾ. ನನ್ನ ಕಾರಿರುವಾಗ ಆಂಬುಲೆನ್ಸ್ ಯಾಕೆ ಅಂದ ಇವನು. ನಾನಾದರೂ ಹಾಗೆಯೇ ಹೇಳುತ್ತಿದ್ದೆ. ಮಣಿಪಾಲಕ್ಕೆ ಹೊರಟರು. ಕಟ್ಟೆ ಬಂತು. ಆ ನೋವಿನಲ್ಲೂ ದೊಡ್ಡಮ್ಮ ಕೈ ಎತ್ತಿದರು... ನಿಲ್ಲಿಸು ಅಂತ. ನಿಲ್ಲಿಸಿದ. ಇಂಜಿನ್ ಬಂದ್ ಮಾಡಿದ. ಮತ್ತೆ ಹೊರಟಾಗ ಮಸಿ ನೂರು, ಕಾರಿಗೆ ಜೀವವೇ ಇರಲಿಲ್ಲ. ನಲವತ್ತು... ಮೂವತ್ತೈದು. ಕೈ ತೋರಿಸಿದರೆ ಒಂದು ಲಾರಿಯೂ ನಿಲ್ಲಲಿಲ್ಲ. ಆಂಬುಲೆನ್ಸಿಗೆ ಅಕ್ಷಿತಾ ಫೋನ್ ಮಾಡಿದಳು, ಅದು ಬರುವ ಮೊದಲೇ ಉದ್ಯಾವರದ ಸೇತುವೆಯ ಮೇಲೆ, ಅವಳ ಮಡಿಲಿನಲ್ಲಿ, ದೊಡ್ಡಮ್ಮನ ಉಸಿರು ಸುಯ್ಯ್ ಅಂದದ್ದು ಮತ್ತೆ ಬರಲಿಲ್ಲ.

ಕಾರು ಹೇಳದೆ ಕೇಳದೆ ಕೈ ಕೊಟ್ಟಿತು ಅಂತ ಉಜ್ವಲ ಎಲ್ಲರಿಗೂ ಹೇಳಿದ. ಅಕ್ಷಿತಾಳಿಗೂ ಅದನ್ನೇ ಹೇಳಿದ. ದೀಪ ಆರಿಸಿದ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಆ ನಿಂತ ಕಾರಿನಲ್ಲಿ ಮಸಿ ಏರುತ್ತಿತ್ತು. ನಲವತ್ತು. ಅರವತ್ತು. ಎಂಬತ್ತೆರಡು. ಬೆಳಗಿನ ಜಾವ ಅಂಗಳದಲ್ಲಿ ಬುಟ್ಟಿ ಇಟ್ಟ ಹಾಗೆ ಧಪ್ ಅಂತ ಕೇಳುತ್ತದೆ ಅಂತ ಅಕ್ಷಿತಾ ಒಮ್ಮೆ ಹೇಳಿದಳು. ಇವನು ಬೆಕ್ಕು ಅಂದ.

ನಲವತ್ತೊಂಬತ್ತನೆಯ ರಾತ್ರಿ. ಬಾವಿಯ ಹತ್ತಿರ ಟಿಣ್. ತೊಂಬತ್ತೆಂಟು.

ಇನ್ನು ಒಂದೇ ದಿನ. ನಾಳೆ ನೂರು.

ಉಜ್ವಲ ಬಾವಿಯ ದಂಡೆ ಹಿಡಿದುಕೊಂಡು ನಿಂತ. ಆಗ ಹೊದಿಕೆಯ ಒಳಗೆ ಟಕ್... ಹಿಂದಿನ ಬಾಗಿಲಿನ ಚಿಲಕ. ಸ್ವಲ್ಪ ಹೊತ್ತು ಬಿಟ್ಟು ಸೀಟಿನ ಸ್ಪ್ರಿಂಗ್ ನರಳಿತು. ಭಾರದವರು ಮೆಲ್ಲ ಕೂತ ಹಾಗೆ.

ಅವನು ಓಡಲಿಲ್ಲ. ಹೊದಿಕೆ ಎಳೆದು ಹಾಕಿ ಮುಂದೆ ಕೂತ. ಹಿಂದೆ ತಿರುಗಲಿಲ್ಲ, ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿಬಿಟ್ಟ. ಅಷ್ಟು ತಿಂಗಳು ಸುಮ್ಮನೆ ಬಿದ್ದ ಬ್ಯಾಟರಿ, ಒಂದೇ ತಿರುವಿಗೆ ಹಿಡಿಯಿತು. ಹಸಿ ಬುಟ್ಟಿಯ ವಾಸನೆ ಕಾರಿನ ತುಂಬ.

ಹೈವೇ ಹತ್ತಿದ. ಅರವತ್ತು. ಎಪ್ಪತ್ತು. ಇಂಜಿನಿನ ಸದ್ದು ದಪ್ಪವಾಯಿತು, ಮುಂದೆ ಫ್ಯಾನ್ ಹೂಂ... ಅಂತ ಎದ್ದಿತು. ಸುಡಲು ಶುರು. ಫೋನಿನಲ್ಲಿ ಮಸಿ ತೊಂಬತ್ತೈದು. ತೊಂಬತ್ತೊಂದು. ದೂರದಲ್ಲಿ ಕಟ್ಟೆಯ ಸಣ್ಣ ದೀಪ ಕಂಡಿತು. ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಯಿತು, ಅಭ್ಯಾಸ ನೋಡಿ.

ಹಿಂದಿನಿಂದ ಪಿಸುಮಾತು.

"ನಿಲ್ಲಿಸಬೇಡ ಮಗಾ... ಹೋಗು."

ಬದುಕಿದ್ದಷ್ಟು ದಿನ ದೊಡ್ಡಮ್ಮ ಆ ಕಟ್ಟೆಯನ್ನು ನಿಲ್ಲದೆ ದಾಟಿದವರಲ್ಲ. ಉಜ್ವಲನಿಗೆ ಕಣ್ಣು ಮಂಜಾಗಿ ರಸ್ತೆ ಕಾಣುವುದು ಕಷ್ಟವಾಯಿತು. ಒಂದು ಕೈಯಿಂದ ಒರೆಸಿಕೊಂಡ, ವೇಗ ಇಳಿಸಲಿಲ್ಲ. ಪಾಂಗಾಳ ಹೋಯಿತು, ಕಟಪಾಡಿ ಹೋಯಿತು. ಉದ್ಯಾವರದ ಸೇತುವೆ ಹತ್ತಿದಾಗ ಚಕ್ರದಡಿ ದಡ್... ದಡ್... ಹಿಂದೆ ಉಸಿರು ಎಳೆಯುವ ಸದ್ದು. ಅದೇ ಸುಯ್ಯ್.

"ಅಮ್ಮ... ದೀಪ ಬಂದಿತ್ತು. ಆರಿಸಿದ್ದು ನಾನು."

ದಡ್... ದಡ್...

"ಗೊತ್ತುಂಟು."

ಸೇತುವೆ ಮುಗಿಯಿತು. ಉಸಿರು ಮುಗಿಯಲಿಲ್ಲ.

"ಈಗ ಎಷ್ಟಾಯಿತು?"

"ನಲವತ್ತೊಂದು."

"ಹಾಂ. ಓಡಿಸು."

ಕಲ್ಸಂಕದಲ್ಲಿ ಸಿಗ್ನಲ್ ಹಳದಿ ಮಿಣುಕುತ್ತಿತ್ತು, ರಸ್ತೆ ಖಾಲಿ. ಮಣಿಪಾಲದ ಏರು ಹತ್ತುವಾಗ ಮಸಿ ಹನ್ನೆರಡು. ಹಾಸ್ಟೆಲ್ ಹುಡುಗರು ಇಬ್ಬರು ಚಾ ಕುಡಿದು ನಗುತ್ತ ರಸ್ತೆ ದಾಟಿದರು. ಏಳು. ಮೂರು. ಆಸ್ಪತ್ರೆಯ ತುರ್ತು ವಿಭಾಗದ ಗೇಟಿನಲ್ಲಿ ಕಾರು ನಿಂತಾಗ ಸೊನ್ನೆ. ಇಂಜಿನ್ ಬಂದ್ ಮಾಡಿದ. ಕೆಳಗೆ ಬಿಸಿ ಕೊಳವೆ ಟಿಕ್... ಟಿಕ್... ಟಿಕ್.

ನೀಲಿ ಸ್ವೆಟರಿನ ಗಾರ್ಡ್ ಬಂದು ಟಾರ್ಚ್ ಬಿಟ್ಟ. ಹಿಂದಿನ ಬಾಗಿಲು ತೆರೆದದ್ದು, ನಿಧಾನ ಅಮ್ಮಾ ಅಂತ ಯಾರೋ ಹೇಳಿದ್ದು, ಗಾಲಿಕುರ್ಚಿಯ ಚಕ್ರ ಕಿಚ್ ಕಿಚ್ ಅಂತ ದೂರ ಹೋದದ್ದು ಉಜ್ವಲನಿಗೆ ಕೇಳಿತು. ಸ್ಟಿಯರಿಂಗಿನಿಂದ ಕೈ ಬಿಡಿಸಿಕೊಂಡು ತಿರುಗುವಷ್ಟರಲ್ಲಿ ಸೀಟು ಖಾಲಿ, ಗಾಜಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಗಾರ್ಡ್ ಒಂದು ಚೀಟಿ ಬರೆದು ಕಿಟಕಿಯಲ್ಲಿ ಕೊಟ್ಟ. ಹೆಸರು ನಿಮ್ಮ ತಾಯಿಯೇ ಹೇಳಿದರು, ಇದನ್ನು ತೋರಿಸಿದರೆ ಒಳಗೆ ಬಿಡುತ್ತಾರೆ ಅಂದ. ಒಳಗೆ ಓಡಿ ಕೇಳಿದರೆ, ಆ ಹೆಸರಿನವರು ಯಾರೂ ಬಂದಿಲ್ಲ. ಬೆಳಗಾಗುವವರೆಗೆ ಅವನು ಅಲ್ಲಿನ ಬೆಂಚಿನಲ್ಲಿ ಕೂತಿದ್ದ.

ಮನೆಗೆ ಬಂದು ಅಕ್ಷಿತಾಳನ್ನು ಅಂಗಳಕ್ಕೆ ಕರೆದು ದೀಪದ ಸುದ್ದಿ ಹೇಳಿದ. ಅವಳು ಬೈಯಲಿಲ್ಲ. ಕಾರಿನ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಅತ್ತಳು.

ಬಾವಿಯ ಹತ್ತಿರ ಫೋನ್ ಮತ್ತೆ ಟಿಣ್ ಅನ್ನಲಿಲ್ಲ.

ಉಜ್ವಲನಿಗೆ ನಿದ್ದೆಗಣ್ಣು, ಕನಸು, ಅಂತ ಹೇಳುವವರು ಹೇಳಲಿ. ಆ ಚೀಟಿಯನ್ನು ನಾನು ಈ ಕೈಯಲ್ಲಿ ಹಿಡಿದು ಓದಿದ್ದೇನೆ. ಆಸ್ಪತ್ರೆಯ ಸೀಲ್ ಉಂಟು, ತಾರೀಕು ಉಂಟು. ರೋಗಿ, ಬೇಬಿ. ಜೊತೆಗೆ ಬಂದವರು, ಉಜ್ವಲ್. ಸಂಬಂಧ, ಮಗ.