ಗೆದ್ದವನ ಮನೆಯ ಚಹಾ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಬಸವಲಿಂಗ ಮಾಸ್ತರರೇ, ಸಮಚಿತ್ತ ಪ್ರತಿಷ್ಠಾನದ ಪದಾಧಿಕಾರಿಗಳೇ, ನನಗಿಂತ ಮೊದಲು ಮಾತನಾಡಿ ನನ್ನನ್ನು ಅಟ್ಟಕ್ಕೆ ಏರಿಸಿ ಇಳಿಯಲು ಏಣಿ ಇಡದೆ ಹೋದ ಇಬ್ಬರು ಭಾಷಣಕಾರರೇ, ಬೈಲಹೊಂಗಲದ ಈ ಬಿಸಿಲಿನಲ್ಲಿ ಭಾನುವಾರದ ನಿದ್ದೆ ಬಿಟ್ಟು ಬಂದಿರುವ ಸಭಿಕರೇ, ಮತ್ತು ಹಿಂದಿನ ಸಾಲಿನಲ್ಲಿ ಒಗ್ಗರಣೆಯ ವಾಸನೆ ಬರುವ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕುಳಿತಿರುವ ನನ್ನ ಊರಿನವರೇ, ಎಲ್ಲರಿಗೂ ಶರಣು.

ನನ್ನ ಹೆಸರು ಮಹಾಂತಪ್ಪ. ಮುನವಳ್ಳಿ ಕಡೆಯ ಒಂದು ಸಣ್ಣ ಊರಿನ ಗ್ರಾಮ ಪಂಚಾಯತಿಯ ಎರಡನೇ ವಾರ್ಡಿನಲ್ಲಿ ಹದಿನೇಳು ಮತಗಳಿಂದ ಸೋತವನು. ಇದಕ್ಕಿಂತ ದೊಡ್ಡ ಅರ್ಹತೆ ನನ್ನ ಹತ್ತಿರ ಇಲ್ಲ. ಆದರೂ ನೀವು ನನಗೆ ಶಾಲು ಹೊದಿಸಿದ್ದೀರಿ, ‘ಸೌಜನ್ಯಶ್ರೀ’ ಎಂಬ ಬಿರುದು ಕೊಟ್ಟಿದ್ದೀರಿ. ಸೋತವನಿಗೆ ಇಷ್ಟು ಮಾಡುವ ನೀವು, ಗೆದ್ದಿದ್ದರೆ ಏನು ಮಾಡುತ್ತಿದ್ದಿರಿ? ಏನೂ ಮಾಡುತ್ತಿರಲಿಲ್ಲ. ನನ್ನ ಹೆಸರೂ ನಿಮಗೆ ಗೊತ್ತಾಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಸವದತ್ತಿಯಲ್ಲಿ ಮತ ಎಣಿಕೆ ಮುಗಿದ ಮೇಲೆ, ಹೊರಗಿನ ಬೇವಿನ ಗಿಡದ ಕಟ್ಟೆಯ ಮೇಲೆ ನಿಂತು ನಾನು ಎರಡು ನಿಮಿಷ ಮಾತನಾಡಿದೆ. ಗೆದ್ದ ಗುರುನಾಥನ ಕೊರಳಿಗೆ ಹಾರ ಹಾಕಿದೆ. ‘ಗೆದ್ದ ಗುರುನಾಥ ನನ್ನ ಎದುರಾಳಿ, ವೈರಿಯಲ್ಲ. ಅವನಿಗೆ ಬಿದ್ದ ಮತವೂ ನಮ್ಮೂರಿನ ಮತವೇ. ಇವತ್ತಿಗೆ ಪ್ರಚಾರ ಮುಗಿಯಿತು, ಜಗಳವೂ ಮುಗಿಯಿತು. ಇದೇ ಸಂಜೆ ನಾನು ಅವನ ಮನೆಗೆ ಹೋಗಿ ಚಹಾ ಕುಡಿಯುತ್ತೇನೆ’ ಎಂದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಆಮೇಲೆ ಅದು ಎಲ್ಲೆಲ್ಲಿಗೆ ಹೋಯಿತು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ರಾಮದುರ್ಗದ ಒಂದು ಕಾಲೇಜಿನಲ್ಲಿ ಅದನ್ನು ಪರದೆಯ ಮೇಲೆ ಹಾಕಿ ಮಕ್ಕಳಿಗೆ ತೋರಿಸಿದರಂತೆ. ಕಿತ್ತೂರಿನಿಂದ ಯಾರೋ ನಿವೃತ್ತರು ಫೋನು ಮಾಡಿ, ಮಾತೇ ಆಡದೆ ಅತ್ತು, ಇಟ್ಟುಬಿಟ್ಟರು. ನೇಸರಗಿ ಸಂತೆಯಲ್ಲಿ ಕಾಡವ್ವ ಎಂಬ ಮುದುಕಿ ನನ್ನ ಗುರುತು ಹಿಡಿದು, ಮೆಣಸಿನಕಾಯಿ ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿ, ‘ನಿಮ್ಮಂಥಾವರು ಸೋಲಬೇಕ್ರಿ’ ಎಂದಳು. ಅವಳು ಹೊಗಳಿದಳೋ ಏನು ಮಾಡಿದಳೋ ನನಗೆ ಇನ್ನೂ ತಿಳಿದಿಲ್ಲ. ಗೊತ್ತಿಲ್ಲದ ಹುಡುಗರು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ನಾನೂ ಮೀಸೆ ತಿದ್ದಿಕೊಂಡು ನಿಲ್ಲುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇನ್ನೊಂದು ಕಡೆಯ ಮಾತೂ ಬಂತು. ಮಹಾಂತಪ್ಪ ಒಳಗಿಂದೊಳಗೆ ಗುರುನಾಥನ ಜೊತೆ ಕೂಡಿಕೊಂಡಿದ್ದಾನೆ ಎಂದರು. ಮುಂದಿನ ಸಲ ತಾಲೂಕಿಗೇ ನಿಲ್ಲಲು ಈಗಲೇ ಹೊಲ ಹದ ಮಾಡುತ್ತಿದ್ದಾನೆ ಎಂದರು. ನನ್ನ ಪರವಾಗಿ ಹದಿನೈದು ದಿನ ಊಟ ಬಿಟ್ಟು ತಿರುಗಿದ ಅರ್ಜುನ ನನ್ನ ಕಟ್ಟೆಗೆ ಬರುವುದನ್ನೇ ನಿಲ್ಲಿಸಿದ. ಕಾರಣ ಕೇಳಿದರೆ, ‘ನೀವು ಹಾರ ಹಾಕಿದ್ರಿ. ನಿಮ್ಮ ಸಲುವಾಗಿ ನಾ ಆ ಕಡಿ ಇದ್ದ ಕಾಕಾನ ಜೋಡಿ ಮಾತ ಬಿಟ್ಟೇನಿ. ಈಗ ನನ್ನ ಹಾರ ಯಾರ ಕೊಳ್ಳಾಗ ಹಾಕಲಿ?’ ಎಂದ. ನನ್ನ ಹೆಂಡತಿ ರಾಜೇಶ್ವರಿ ಮಾತ್ರ ಇದ್ಯಾವುದಕ್ಕೂ ಸಂಬಂಧವಿಲ್ಲದವಳಂತೆ ಆ ವಿಡಿಯೋ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಈ ಮನುಷ್ಯ ಮನೆಯೊಳಗೆ ಒಂದು ಸಲವೂ ಸೋಲೊಪ್ಪಿಕೊಂಡದ್ದನ್ನು ನೋಡಿಲ್ಲ, ಬೇವಿನ ಗಿಡದ ಕೆಳಗೆ ಹೇಗೆ ಬಂತೋ ಎಂದು ರೊಟ್ಟಿ ಬಡಿಯಲು ಹೋದಳು.

ಹೇಗೆ ಬಂತು? ಅದನ್ನು ಹೇಳಿಬಿಡುತ್ತೇನೆ. ಬಿರುದು ಕೊಟ್ಟಾದ ಮೇಲೆ ವಾಪಸು ಕೇಳುವ ಪದ್ಧತಿ ಪ್ರತಿಷ್ಠಾನದಲ್ಲಿ ಇಲ್ಲ ಎಂದು ನಂಬಿದ್ದೇನೆ. ಸಭಿಕರೇ, ಅದು ಸೋತವನ ಭಾಷಣವಲ್ಲ. ಅದು ಗೆದ್ದವನ ಭಾಷಣ. ನಾನು ಗೆಲ್ಲುತ್ತೇನೆ ಎಂದು ನನಗೆ ಎಷ್ಟು ಖಾತ್ರಿ ಇತ್ತೆಂದರೆ ಒಂದೇ ಭಾಷಣ ಬರೆದಿದ್ದೆ. ‘ಸೋತ ಗುರುನಾಥ ನನ್ನ ವೈರಿಯಲ್ಲ, ಅವನ ಮನೆಗೆ ಹೋಗಿ ಚಹಾ ಕುಡಿಯುತ್ತೇನೆ’ ಎಂದು ಬರೆದು, ಬಾಯಿಪಾಠ ಮಾಡಿದ್ದೆ. ಎಣಿಕೆ ಮುಗಿದಾಗ ಕಟ್ಟೆ ಹತ್ತಿಸಿಬಿಟ್ಟರು. ಬೇರೆ ಮಾತು ಬಾಯಿಗೆ ಬರಲಿಲ್ಲ. ‘ಸೋತ’ ಎಂಬಲ್ಲಿ ‘ಗೆದ್ದ’ ಎಂದು ಹೇಳಿ ಅದನ್ನೇ ಒಪ್ಪಿಸಿದೆ. ನೀವು ಕಣ್ಣೀರು ಹಾಕಿದ್ದು ಗೆದ್ದೇ ಗೆಲ್ಲುತ್ತೇನೆಂಬ ನನ್ನ ದೊಡ್ಡಸ್ತಿಕೆಗೆ.

ನಗುತ್ತಿದ್ದೀರಿ. ನಗಿರಿ. ಈ ಗುಟ್ಟು ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಒಬ್ಬನಿಗೆ. ಅವನ ಹೆಸರು ಲಕ್ಕಪ್ಪ. ನಾನು ಹೊಲದ ಬದುವಿನ ಮೇಲೆ ನಿಂತು ಆ ಭಾಷಣ ಪಾಠ ಮಾಡುವಾಗ ಕೇಳಿಸಿಕೊಂಡವನು ಅವನೇ, ಇಲ್ಲಿ ದನಿ ಏರಿಸ್ರಿ ಎಂದು ಹೇಳಿಕೊಟ್ಟವನೂ ಅವನೇ. ಊರೆಲ್ಲ ನನ್ನನ್ನು ಹೊಗಳುವಾಗ ಅವನು ಒಂದು ಮಾತು ಬಿಟ್ಟುಕೊಡಲಿಲ್ಲ.

ಲಕ್ಕಪ್ಪ ಯಾರೆಂದರೆ, ನನ್ನ ಪಕ್ಕದ ಹೊಲದವನು. ನವಿಲುತೀರ್ಥದ ಕಾಲುವೆ ನೀರಿನ ಪಾಳಿಯಲ್ಲಿ ಅವನದು ಮೊದಲು, ನನ್ನದು ಆಮೇಲೆ. ಇಷ್ಟು ವರ್ಷದಲ್ಲಿ ಅವನು ಒಂದು ತಾಸು ತಡಮಾಡಿ ನನಗೆ ನೀರು ಬಿಟ್ಟವನಲ್ಲ. ಇನ್ನೊಂದು ಸಂಬಂಧವೂ ಉಂಟು. ಅವನ ಒಬ್ಬಳೇ ಮಗಳು ಭಾಗೀರಥಿಯನ್ನು ಕೊಟ್ಟಿರುವುದು ಗುರುನಾಥನ ಮಗ ಸುಭಾಸನಿಗೆ. ಅಂದರೆ ನನ್ನ ಎದುರಾಳಿಗೆ ಅವನು ಬೀಗ. ಬೀಗರ ಮನೆಗಳ ನಡುವೆ ಎರಡೇ ಓಣಿ.

ಹೀಗಿರುವಾಗ ನಮ್ಮ ಕಡೆಯ ಕೆಲವರಿಗೆ ಸಂಶಯ ಬರುವುದು ಸಹಜವೇ ಅಲ್ಲವೇ? ಬೀಗನನ್ನು ಬಿಟ್ಟು ನಮಗೆ ಮತ ಹಾಕುತ್ತಾನೆಯೇ? ಮತದಾನಕ್ಕೆ ನಾಲ್ಕು ದಿನ ಇರುವಾಗ ಅವನಿಂದ ಆಣೆ ಮಾಡಿಸಿದರು. ನಮ್ಮ ಭಾಗದಲ್ಲಿ ಆಣೆ ಎಂದರೆ ನಿಮಗೆ ಗೊತ್ತು. ಸವದತ್ತಿ ಗುಡ್ಡದ ಎಲ್ಲಮ್ಮನ ಭಂಡಾರವನ್ನು ತಟ್ಟೆಯಲ್ಲಿ ಇಡುತ್ತಾರೆ, ಆ ಅರಿಸಿನದ ಪುಡಿಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ಯಾರೂ ಮುರಿಯುವುದಿಲ್ಲ. ಕಾಗದದ ಮೇಲೆ ರುಜು ಹಾಕಿ ಮುರಿದವರು ಬೇಕಾದಷ್ಟು ಜನ ಇದ್ದಾರೆ.

ಆಣೆ ಮಾಡಿಸಿದರು ಎಂದೆ. ಯಾರು ಮಾಡಿಸಿದರು? ನಮ್ಮ ಕಡೆಯವರು. ಎಲ್ಲಿ ಮಾಡಿಸಿದರು? ನಮ್ಮ ಮನೆಯ ಪಡಸಾಲೆಯಲ್ಲಿ. ಅಲ್ಲಿ ನಾನೂ ಇದ್ದೆ. ಇದ್ದೆ ಎಂದರೆ, ತಟ್ಟೆ ನನ್ನ ಕೈಯಲ್ಲಿತ್ತು. ಸಂಶಯ ಪಟ್ಟ ಕೆಲವರು ಎಂದೆನಲ್ಲ, ಅದರಲ್ಲಿ ಮೊದಲಿನವನು ನಾನೇ ಎಂದು ಸೇರಿಸಿಕೊಳ್ಳಿ.

ಲಕ್ಕಪ್ಪ ಭಂಡಾರ ಮುಟ್ಟಿ ‘ನಿಮಗ ಹಾಕತೇನಿ’ ಎಂದ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಹಾಕುವ ಮತ ಯಾರಿಗೆ ಕಾಣುತ್ತದೆ ಎಂದು ಯಾರೋ ನಕ್ಕರು. ಅವನ ಮುಖ ಕೆಂಪಾಯಿತು. ನನ್ನನ್ನೇ ನೋಡಿದ. ನಾನು ಆ ನಕ್ಕವನನ್ನು ಸುಮ್ಮನಿರಿಸಬಹುದಿತ್ತು. ಮೂವತ್ತು ವರ್ಷ ನೀರು ಬಿಟ್ಟ ಕೈ ಇದು, ಸಾಕು ಎನ್ನಬಹುದಿತ್ತು. ನಾನು ತಟ್ಟೆ ಹಿಡಿದುಕೊಂಡೇ ನಿಂತೆ. ಆಗ ಅವನು ಮತ್ತೊಮ್ಮೆ ಕೈಯಿಟ್ಟು ಹೇಳಿದ:

‘ಬೀಗತನ ನೋಡಿ ಸಂಶೇ ಪಡತೀರಿ. ತಗೋರಿ ಹಂಗಾರ. ನೀವು ಸೋತ್ರ ನಾ ಗುರುನಾಥನ ಹೊಸ್ತಿಲಾ ತುಳಿಯಂಗಿಲ್ಲ. ಎಲ್ಲಮ್ಮನ ಆಣಿ.’

ಆ ಹೊತ್ತಿನಲ್ಲಿ ನನಗೆ ಆದದ್ದು ಸಂತೋಷ. ಒಂದು ಮತ ಗಟ್ಟಿಯಾಯಿತು ಎಂಬ ಸಂತೋಷ. ಆ ಮನೆಯೊಳಗೆ ಅವನ ಮಗಳಿದ್ದಾಳೆ ಎಂಬುದು ನೆನಪಿಗೆ ಬಂದಿತ್ತು, ಬರಲಿಲ್ಲ ಎಂದು ಹೇಳುವುದಿಲ್ಲ. ಹೇಗೂ ಗೆಲ್ಲುತ್ತೇನಲ್ಲ ಎಂದುಕೊಂಡೆ.

ಸೋತೆ. ಅದೇ ಸಂಜೆ ಮಾತು ಕೊಟ್ಟಂತೆ ಗುರುನಾಥನ ಮನೆಗೆ ಚಹಾಕ್ಕೆ ಹೊರಟೆ. ಹಿಂದೆ ಜನ, ಮೊಬೈಲುಗಳು. ಲಕ್ಕಪ್ಪನೂ ನನ್ನ ಮಗ್ಗುಲಲ್ಲೇ ನಡೆದು ಬಂದ. ಬಾಗಿಲು ಬಂದಾಗ ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವನು ಓಣಿಯಲ್ಲಿ ನಿಂತ. ನಾನು ತಿರುಗಿ ನೋಡಲಿಲ್ಲ. ಚಹಾ ತಂದವಳು ಭಾಗೀರಥಿ. ಆಗ ಆಕೆಗೆ ಆರು ತಿಂಗಳು ತುಂಬುತ್ತ ಬಂದಿತ್ತು. ಕಪ್ಪು ಕೈಗೆ ಕೊಡುತ್ತ, ‘ಅಪ್ಪ ಎಲ್ಲೆದಾನ್ರಿ?’ ಎಂದು ಕೇಳಿದಳು. ‘ಬರತಾನವ್ವಾ’ ಎಂದೆ. ನಾವಿಬ್ಬರು ಎದುರಾಳಿಗಳು ಒಂದೇ ತಟ್ಟೆಯ ಚೂಡಾ ತಿನ್ನುತ್ತಿರುವ ಆ ಫೋಟೋವನ್ನು ಎಲ್ಲರೂ ನೋಡಿದ್ದೀರಿ, ಈ ಸಭೆಯ ಆಮಂತ್ರಣದ ಮೇಲೂ ಅದೇ ಇದೆ. ನನ್ನ ಹೆಗಲ ಹಿಂದೆ, ತೆರೆದ ಬಾಗಿಲಾಚೆ, ತಲೆಗೆ ಬಿಳಿ ಪಟಗ ಸುತ್ತಿದ ಒಬ್ಬ ಮನುಷ್ಯ ಅರ್ಧ ಕಾಣುತ್ತಾನೆ. ಅವನು ಯಾರೆಂದು ಯಾರೂ ಕೇಳಲಿಲ್ಲ.

ಗುರುನಾಥ ಇವತ್ತು ಇಲ್ಲಿಗೆ ಬಂದಿಲ್ಲ. ಆಮಂತ್ರಣದಲ್ಲಿ ತನ್ನ ಹೆಸರು ನನ್ನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿದೆ ಎಂದು ಅವನಿಗೆ ಸಿಟ್ಟು. ಗೆದ್ದವನು ತಾನು, ಶಾಲು ನನಗೆ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದನ್ನು ಅವನ ತಪ್ಪು ಎಂದು ನಾನು ಹೇಳಲಾರೆ.

ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ. ಇಲ್ಲಿರುವ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ತವರಿನವರು ಬುತ್ತಿ ಕಟ್ಟಿಕೊಂಡು, ಕುಬಸ ತೆಗೆದುಕೊಂಡು ಬೀಗರ ಮನೆಗೆ ಹೋಗಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಬೇಕು. ಲಕ್ಕಪ್ಪನ ಹೆಂಡತಿ ಸುಂದರವ್ವ ಓಣಿಯ ಹೆಂಗಸರನ್ನು ಕರೆದುಕೊಂಡು ಹೋದಳು. ಎಲ್ಲ ಶಾಸ್ತ್ರ ಮುಗಿಯಿತು, ಭಾಗೀರಥಿ ಮಾತ್ರ ಏಳಲಿಲ್ಲ. ‘ಅಪ್ಪ ಬಾಗಲಿಗೆ ಬಂದು ಕರದ್ರ ಬರತೇನಿ. ಇಲ್ಲಂದ್ರ ಇಲ್ಲೇ ಹಡಿತೇನಿ’ ಎಂದಳಂತೆ. ಅಪ್ಪನ ಮಗಳು. ಎಂಟರಲ್ಲಿ ಕರೆತರುವ ಪದ್ಧತಿ ಇಲ್ಲ. ಈಗ ಒಂಬತ್ತು ಬಿದ್ದು ಹತ್ತು ದಿನವಾಯಿತು.

ಈ ಎರಡೂವರೆ ತಿಂಗಳು ನಾನು ಏನು ಮಾಡುತ್ತಿದ್ದೆ? ಆಗಲೇ ಹೇಳಿದೆನಲ್ಲ, ಫೋಟೋ ತೆಗೆಸಿಕೊಳ್ಳುತ್ತಿದ್ದೆ.

ಮೊನ್ನೆ ಶುಕ್ರವಾರ ಲಕ್ಕಪ್ಪನ ಮನೆಗೆ ಹೋದೆ. ಆಣೆ ಮಾಡಿಸಿದವನು ನಾನು, ನಾನೇ ಬಿಡಿಸಿದ್ದೇನೆ, ಪಾಪ ಏನಾದರೂ ಇದ್ದರೆ ನನ್ನ ತಲೆಯ ಮೇಲಿರಲಿ, ಹೋಗಿ ಮಗಳನ್ನು ಕರೆದು ತಾ ಎಂದೆ. ಚೆನ್ನಾಗಿಯೇ ಹೇಳಿದೆ, ದನಿ ಏರಿಸಬೇಕಾದಲ್ಲಿ ಏರಿಸಿದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಹೇಳಿದ:

‘ಆಣಿ ಭಾಷಣ ಅಲ್ಲರಿ ಸಾಹುಕಾರ್ರ, ಒಂದ ಶಬ್ದ ಬದಲ ಮಾಡಿ ಓದಾಕ.’

ನಾನು ಬಹಳ ಭಾಷಣ ಕೇಳಿದ್ದೇನೆ. ಇಷ್ಟು ಚಿಕ್ಕದನ್ನು ಕೇಳಿರಲಿಲ್ಲ.

ಆಗ ಸುಂದರವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಹೊಸ್ತಿಲು ತುಳಿಯುವುದಿಲ್ಲ ಎಂದು ತಾನೇ ಆಣೆ, ಓಣಿಯಲ್ಲಿ ನಿಂತು ಬಾಗಿಲಿಂದ ಮಗಳನ್ನು ಕರೆದರೆ ಏನು ಹೋಗುತ್ತದೆ ಎಂದು ಗಂಡನನ್ನು ಕೇಳಿದಳು. ಲಕ್ಕಪ್ಪನ ಕೈ ನಿಂತಿತು. ‘ಬೀಗರ ಮನಿ ಮುಂದ ಬೇಡಾಂವನಂಗ ಒಬ್ಬನ ಹೆಂಗ ನಿಂದರಲಿ?’ ಎಂದ. ಹೆಣ್ಣು ಕೊಟ್ಟವನಿಗೆ ಅದು ಎಷ್ಟು ದೊಡ್ಡ ಅವಮಾನ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ನಾನೂ ನಿನ್ನ ಜೊತೆ ನಿಲ್ಲುತ್ತೇನೆ, ಆ ಹೊಸ್ತಿಲನ್ನು ನಾನೂ ತುಳಿಯುವುದಿಲ್ಲ, ನಗುವವರು ಇಬ್ಬರನ್ನೂ ನಗಲಿ ಎಂದೆ. ಅವನು ಹಗ್ಗವನ್ನು ಪಕ್ಕಕ್ಕಿಟ್ಟು, ‘ಐತವಾರ ಮುಂಜಾನೆ ಹನ್ನೊಂದಕ್ಕ ಬರ್ರಿ’ ಎಂದ. ಆಗಲಿ ಎಂದು ಬಂದೆ.

ಐತವಾರ ಎಂದರೆ ಇವತ್ತು.

ಬೆಳಿಗ್ಗೆ ಪ್ರತಿಷ್ಠಾನದ ಕಾರು ಬಾಗಿಲಿಗೆ ಬಂತು. ಶಾಲು ಹೊದಿಸಿಕೊಂಡು ಹನ್ನೊಂದರೊಳಗೆ ತಿರುಗಿ ಬಂದರಾಯಿತು ಎಂದು ಹತ್ತಿದೆ. ಸಭೆ ಒಂಬತ್ತಕ್ಕೆ ಎಂದು ಅಚ್ಚಾಗಿತ್ತು, ಹನ್ನೊಂದೂಕಾಲಿಗೆ ಶುರುವಾಯಿತು. ಅದು ನಿಮ್ಮ ತಪ್ಪಲ್ಲ, ಎಲ್ಲ ಸಭೆಗಳೂ ಹಾಗೇ. ಎದ್ದು ಹೋಗಬಹುದಿತ್ತು. ಬಿರುದಿನ ಫಲಕ ಓದುತ್ತಿದ್ದರು, ನಾನು ಕೇಳುತ್ತ ಕುಳಿತೆ.

ಈಗ ಹನ್ನೆರಡೂವರೆ. ನನ್ನನ್ನು ಮಾತಿಗೆ ಕರೆಯುವ ಮೊದಲು ನಾನು ವೇದಿಕೆಯ ಮೂಲೆಗೆ ಹೋಗಿ ಫೋನು ಕಿವಿಗೆ ಇಟ್ಟುಕೊಂಡದ್ದನ್ನು ನೀವು ನೋಡಿರಬಹುದು. ಮಾಡಿದವಳು ಸುಂದರವ್ವ. ‘ನಿಮ್ಮ ದಾರಿ ನೋಡಿ ನೋಡಿ ಅವರ ಹೋಗ್ಯಾರ್ರಿ. ಒಬ್ಬರ ನಿಂತಾರ. ಹುಡುಗಿ ಕಿಡಕ್ಯಾಗ ನಿಂತಾಳ. ಇವರೂ ಕರಿವಲ್ಲರು, ಆಕಿನೂ ಬರವಲ್ಲಳು’ ಎಂದಳು. ಹೊರಟೆ ಎಂದು ಹೇಳಿ ಫೋನು ಇಟ್ಟೆ. ಅಷ್ಟರಲ್ಲಿ ನನ್ನ ಹೆಸರು ಕರೆದರು, ನೀವು ಚಪ್ಪಾಳೆ ತಟ್ಟಿದಿರಿ, ನಾನು ಬಂದು ಈ ಮೈಕಿನ ಮುಂದೆ ನಿಂತೆ. ಇಷ್ಟು ಹೊತ್ತು ನಿಂತೆ. ನಿಮ್ಮನ್ನು ನಗಿಸಿದೆ ಕೂಡ.

ಸೋಲಿನ ಭಾಷಣ ಎಂದು ನಾನು ಈವರೆಗೆ ಒಂದನ್ನೂ ಮಾಡಿಲ್ಲ. ಮಾಡಬೇಕಾಗಿರುವುದು ಆ ಓಣಿಯಲ್ಲಿ, ಆ ಮನುಷ್ಯನ ಮುಂದೆ. ಅದಕ್ಕೆ ಏನೂ ಬರೆದುಕೊಂಡಿಲ್ಲ, ಅವನು ಕೇಳಿಸಿಕೊಳ್ಳುತ್ತಾನೋ ಇಲ್ಲವೋ ಅದೂ ಗೊತ್ತಿಲ್ಲ. ಅಧ್ಯಕ್ಷರು ಮುನಿಯಬಾರದು, ಊಟಕ್ಕೆ ನನ್ನನ್ನು ಕಾಯಬೇಡಿ. ಕಾರಿನ ಡ್ರೈವರ್ ಅಣ್ಣ ಎಲ್ಲಿದ್ದರೂ ಬಾಗಿಲಿಗೆ ಬರಬೇಕು. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡಿದ್ದಕ್ಕೆ ಎಲ್ಲರಿಗೂ ಋಣಿ. ಮುಂದಿನ ಮಾತು ಆಡಬೇಕಾದವನು ಅಲ್ಲಿ ಬಿಸಿಲಿನಲ್ಲಿ ನಿಂತಿದ್ದಾನೆ, ನಾನು ಹೋಗುತ್ತೇನೆ. ನಮಸ್ಕಾರ.